ಟೋಕಿಯೋದಲ್ಲಿ ನಾಲ್ಕು ನಿಮಿಷದ ದಾರಿ

ಜಪಾನಿನಲ್ಲಿ ನನ್ನನ್ನು ಮೊದಲು ಬೆರಗುಗೊಳಿಸಿದ್ದು ಬುಲೆಟ್ ರೈಲೂ ಅಲ್ಲ, ಫ್ಯೂಜಿ ಪರ್ವತವೂ ಅಲ್ಲ. ಒಂದು ಹಳದಿ ಟೋಪಿ. ಟೋಕಿಯೋದ ಅಸಾಕುಸಾ ಬಡಾವಣೆಯಲ್ಲಿ ಇಳಿದುಕೊಂಡ ಮರುದಿನ ಬೆಳಿಗ್ಗೆ ಹೋಟೆಲಿನ ಕಿಟಕಿಯಿಂದ ಬಗ್ಗಿ ನೋಡಿದರೆ ಸಿಗ್ನಲ್ ದೀಪದ ಬಳಿ ಒಂದು ಮಗು ನಿಂತಿತ್ತು. ತಲೆಗೆ ಹಳದಿ ಟೋಪಿ, ಬೆನ್ನಿಗೆ ತನ್ನಷ್ಟೇ ಅಗಲದ ಪೆಟ್ಟಿಗೆಯಂಥ ಚೀಲ, ಆ ಚೀಲಕ್ಕೂ ಒಂದು ಹಳದಿ ಹೊದಿಕೆ. ಆರು ವರ್ಷವಿದ್ದೀತು. ಜತೆಗೆ ಅಪ್ಪ ಇಲ್ಲ, ಅಮ್ಮ ಇಲ್ಲ, ಆಯಾ ಇಲ್ಲ. ರಸ್ತೆಯಲ್ಲಿ ಒಂದು ವಾಹನವೂ ಇರಲಿಲ್ಲ. ಆದರೂ ಕೆಂಪು ದೀಪ ಹಸಿರಾಗುವ ತನಕ ಆ ಮಗು ಅಲುಗಲಿಲ್ಲ. ಹಸಿರಾದ ಮೇಲೆ ಒಂದು ಕೈ ಮೇಲೆತ್ತಿಕೊಂಡು ರಸ್ತೆ ದಾಟಿ, ಮೂಲೆಯಲ್ಲಿ ತಿರುಗಿ ಮರೆಯಾಯಿತು.

"ಅಮ್ಮಾ, ನೋಡಿದ್ಯಾ?" ಎಂದಳು ಮಗಳು. ಅವಳ ದನಿಯಲ್ಲಿ ಅಚ್ಚರಿಗಿಂತ ಆಕ್ಷೇಪಣೆಯೇ ಹೆಚ್ಚಿತ್ತು. ಕಾರಣವಿಲ್ಲದೆ ಇಲ್ಲ. ಹದಿನಾರು ತುಂಬಿದ ಅವಳನ್ನು ನಾನು ಬೆಂಗಳೂರಿನಲ್ಲಿ ಅದುವರೆಗೆ ಒಮ್ಮೆಯೂ ಒಬ್ಬಳನ್ನೇ ಬಸ್ಸು ಹತ್ತಿಸಿರಲಿಲ್ಲ. ಶಾಲೆಗೆ ವ್ಯಾನು, ಟ್ಯೂಷನ್ನಿಗೆ ಅಪ್ಪನ ಸ್ಕೂಟರು, ಗೆಳತಿಯ ಮನೆಗೆ ನಾನೇ ಕಾವಲು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ, ಫಲಿತಾಂಶಕ್ಕೆ ಕಾಯುವ ಆ ಅಡ್ಡಗಾಲದ ದಿನಗಳಲ್ಲಿ, 2024ರ ಏಪ್ರಿಲ್ ನಡುವಿನಲ್ಲಿ ನಾವು ಮೂವರೂ ಹನ್ನೊಂದು ದಿನಗಳಿಗೆಂದು ಜಪಾನಿಗೆ ಹೋಗಿದ್ದೆವು. ಅಲ್ಲಿ ಶಾಲಾ ವರ್ಷ ಶುರುವಾಗುವುದೇ ಏಪ್ರಿಲ್‌ನಲ್ಲಿ. ಹಳದಿ ಟೋಪಿಯೆಂದರೆ ಒಂದನೇ ತರಗತಿಗೆ ಹೊಸದಾಗಿ ಸೇರಿದ ಮಗು ಎಂದು ಗುರುತು. ವಾಹನದವರಿಗೆ ದೂರದಿಂದಲೇ ಕಾಣಲೆಂದು ಆ ಬಣ್ಣ.

ಹೋಗುವವರಿಗೆ ಮೊದಲು ಕಾಲದ ವಿಷಯ ಹೇಳಿಬಿಡುತ್ತೇನೆ. ಚೆರಿ ಹೂವು ಟೋಕಿಯೋ, ಕ್ಯೋಟೋಗಳಲ್ಲಿ ಸಾಮಾನ್ಯವಾಗಿ ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ. ನಮ್ಮ ಮಕ್ಕಳ ಪರೀಕ್ಷೆ ಮುಗಿಯುವ ಹೊತ್ತಿಗೆ ಹೂವು ಉದುರಲು ತೊಡಗಿರುತ್ತದೆ. ನೆಲದ ಮೇಲೆ, ಕಾಲುವೆಯ ನೀರಿನ ಮೇಲೆ ಹಾಸಿದ ಎಸಳುಗಳನ್ನು ನೋಡುವುದೂ ಕಡಿಮೆಯ ಭಾಗ್ಯವೇನಲ್ಲ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಅವರಿಗೆ ಸಾಲು ರಜೆ. ಇಡೀ ದೇಶವೇ ರೈಲು ಹತ್ತುತ್ತದೆ, ಹೋಟೆಲಿನ ದರವೂ ಹತ್ತುತ್ತದೆ. ಅದಕ್ಕೆ ಮೊದಲೇ ಹಿಂದಿರುಗುವಂತೆ ಲೆಕ್ಕ ಹಾಕಿಕೊಳ್ಳಿ. ಜೂನ್‌ನಲ್ಲಿ ಮಳೆ, ಆಗಸ್ಟಿನಲ್ಲಿ ಮಂಗಳೂರಿನವರೂ ಅಯ್ಯೋ ಎನ್ನುವ ಸೆಕೆ.

ವೀಸಾ ಬೇಕೇ ಬೇಕು. ಬ್ಯಾಂಕಿನ ಲೆಕ್ಕ, ದಿನದಿನದ ಪ್ರಯಾಣದ ವಿವರ, ಹೋಟೆಲಿನ ಕಾಗದ ಇವೆಲ್ಲ ಒಂದಕ್ಕೊಂದು ತಾಳೆಯಾಗಬೇಕು. ಬೆಂಗಳೂರಿನಿಂದ ಟೋಕಿಯೋದ ನರಿತಾ ವಿಮಾನ ನಿಲ್ದಾಣಕ್ಕೆ 2021ರಲ್ಲಿ ನೇರ ವಿಮಾನ ಶುರುವಾದ ಮೇಲೆ ನಮ್ಮವರಿಗೆ ದಾರಿ ಹಗುರವಾಗಿದೆ. ಗಡಿಯಾರವನ್ನು ಮೂರೂವರೆ ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಬೇಕು. ಔಷಧಿಯ ಬಗ್ಗೆ ಎಚ್ಚರ: ನಮ್ಮಲ್ಲಿ ಸಲೀಸಾಗಿ ಸಿಗುವ, ಸ್ಯೂಡೋಎಫೆಡ್ರಿನ್ ಇರುವ ಕೆಲವು ಶೀತದ ಮಾತ್ರೆಗಳನ್ನೂ ಕೊಡೀನ್ ಇರುವ ಕೆಲವು ಕೆಮ್ಮಿನ ಔಷಧಿಗಳನ್ನೂ ಜಪಾನಿನ ಕಾನೂನು ಒಪ್ಪುವುದಿಲ್ಲ. ತಾಜಾ ಹಣ್ಣು, ಕರಿಬೇವಿನಂಥ ಸೊಪ್ಪು ಒಯ್ಯುವಂತಿಲ್ಲ. ಚಟ್ನಿಪುಡಿಗೆ ಅಡ್ಡಿಯಾಗಲಿಲ್ಲ. ಆ ಚಟ್ನಿಪುಡಿಗೆ ನಾನು ಆಮೇಲೆ ಎಷ್ಟು ಸಲ ಕೈಮುಗಿದೆನೋ ಲೆಕ್ಕವಿಲ್ಲ.

ಟೋಕಿಯೋ ಎಂದರೆ ಎತ್ತರದ ಕಟ್ಟಡ, ಬಣ್ಣದ ದೀಪ ಎಂದುಕೊಂಡು ಹೋಗುವವರು ಒಂದು ದಿನವನ್ನಾದರೂ ಅಸಾಕುಸಾದಲ್ಲಿ ಕಳೆಯಬೇಕು. ಇಲ್ಲಿಯ ಸೆನ್‌ಸೋಜಿ ದೇಗುಲಕ್ಕೆ ಕ್ರಿ.ಶ. 628ರ ಐತಿಹ್ಯವಿದೆ. ಸುಮಿದಾ ನದಿಯಲ್ಲಿ ಬಲೆ ಬೀಸಿದ ಇಬ್ಬರು ಬೆಸ್ತ ಸೋದರರಿಗೆ ಮೀನಿನ ಬದಲು ಕನ್ನೋನ್ ಮೂರ್ತಿ ಸಿಕ್ಕಿತಂತೆ. ಕನ್ನೋನ್ ಬೇರೆ ಯಾರೂ ಅಲ್ಲ, ನಮ್ಮ ಅವಲೋಕಿತೇಶ್ವರನೇ ಚೀನಾದ ದಾರಿಯಾಗಿ ಬಂದು, ಕರುಣೆಯ ತಾಯಿಯಂತಾಗಿರುವುದು. ದೊಡ್ಡ ಕೆಂಪು ಬುಡ್ಡಿದೀಪ ತೂಗುವ ಹೆಬ್ಬಾಗಿಲು ದಾಟಿದರೆ ದೇಗುಲದವರೆಗೂ ಎರಡು ಸಾಲು ಅಂಗಡಿ: ಬೀಸಣಿಗೆ, ಅಕ್ಕಿಯ ಹಪ್ಪಳದಂಥ ತಿಂಡಿ, ಬೊಂಬೆ. ನಮ್ಮ ಜಾತ್ರೆಯ ಬೀದಿಯೇ ಸರಿ, ಕೂಗಾಟವೊಂದಿಲ್ಲ. 1945ರ ಮಾರ್ಚಿನ ಬಾಂಬ್ ದಾಳಿಯಲ್ಲಿ ಸುಟ್ಟುಹೋದ ಮುಖ್ಯ ಗುಡಿಯನ್ನು 1958ರಲ್ಲಿ ಮತ್ತೆ ಕಟ್ಟಿದರು.

ಅಲ್ಲಿ ನೂರು ಯೆನ್ ಹಾಕಿ ಡಬ್ಬ ಅಲ್ಲಾಡಿಸಿದರೆ ಒಂದು ಕಡ್ಡಿ ಬರುತ್ತದೆ. ಕಡ್ಡಿಯ ಮೇಲಿನ ಅಂಕಿಯ ಅರೆಯಲ್ಲಿ ನಿಮ್ಮ ಭವಿಷ್ಯದ ಚೀಟಿ. ಮಗಳಿಗೆ ಬಂದ ಚೀಟಿಯಲ್ಲಿ ಇಂಗ್ಲಿಷಿನಲ್ಲೂ ಸ್ಪಷ್ಟವಾಗಿ ‘ಕೆಟ್ಟದು’ ಎಂದು ಅಚ್ಚಾಗಿತ್ತು. ಗಣಿತದ ಪತ್ರಿಕೆ ನೆನಪಾಗಿ ಅವಳ ಮುಖ ಬಾಡಿತು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಅವಳ ಕೈಯಿಂದ ಚೀಟಿ ತೆಗೆದುಕೊಂಡು, ನೀಳವಾಗಿ ಮಡಚಿ, ಅಲ್ಲಿದ್ದ ತಂತಿಗೆ ಗಂಟು ಹಾಕಿ, ಇನ್ನು ಹೋಗು ಎಂಬಂತೆ ಬೆನ್ನು ತಟ್ಟಿದರು. ಕೆಟ್ಟ ಭವಿಷ್ಯವನ್ನು ಅಲ್ಲೇ ಕಟ್ಟಿ ಬಂದುಬಿಡುವುದು ಪದ್ಧತಿ. ಎಷ್ಟು ಅನುಕೂಲ ನೋಡಿ!

ಊಟದ ಪಾಡು

ಸಸ್ಯಾಹಾರಿಗಳಿಗೆ ಜಪಾನು ಕಷ್ಟವೇ. ಅಲ್ಲಿ ಮಾಂಸ ತಿನ್ನದಿರುವುದು ದೊಡ್ಡ ಸಮಸ್ಯೆಯಲ್ಲ. ಸಮಸ್ಯೆ ಇರುವುದು ಕಣ್ಣಿಗೆ ಕಾಣದ ಮೀನಿನಲ್ಲಿ. ನಮಗೆ ಒಗ್ಗರಣೆ ಹೇಗೋ ಅವರಿಗೆ ‘ದಾಶಿ’ ಹಾಗೆ. ಒಣಗಿಸಿದ ಬೊನಿಟೊ ಮೀನಿನ ಹೆರಕಲನ್ನು, ಕಡಲಪಾಚಿಯನ್ನು ಬಿಸಿನೀರಿಗೆ ಹಾಕಿ ಸೋಸಿದ ತಿಳಿ. ಸೂಪಿಗೆ ಅದು, ತರಕಾರಿ ಬೇಯಿಸಲು ಅದು, ಶ್ಯಾವಿಗೆಯಂಥ ಸೋಬಾ ಅದ್ದಿಕೊಳ್ಳುವ ರಸದಲ್ಲೂ ಅದು. ‘ವೆಜಿಟೇರಿಯನ್’ ಎಂದರೆ ತಲೆಯಾಡಿಸಿ, ಮೇಲಿನ ಮಾಂಸದ ತುಂಡನ್ನಷ್ಟೇ ತೆಗೆದು ಕೊಡುವವರಿದ್ದಾರೆ. ಅವರದು ಮೋಸವಲ್ಲ, ದಾಶಿಯನ್ನು ಅವರು ಮೀನೆಂದು ಎಣಿಸುವುದೇ ಇಲ್ಲ.

ಈ ಇಕ್ಕಟ್ಟಿನಿಂದ ನಮ್ಮನ್ನು ಪಾರು ಮಾಡಿದ್ದು ಮಗಳು ಊರಿನಲ್ಲೇ ಬರೆದು ಕಲಿತಿದ್ದ ಒಂದು ವಾಕ್ಯ: "ನಿಕು ಮೊ, ಸಕಾನಾ ಮೊ ತಾಬೆಮಾಸೆನ್." ನಿಕು ಎಂದರೆ ಮಾಂಸ, ಸಕಾನಾ ಎಂದರೆ ಮೀನು, ‘ಮೊ’ ಎಂದರೆ ನಮ್ಮ ‘ಊ’, ತಾಬೆಮಾಸೆನ್ ಎಂದರೆ ತಿನ್ನುವುದಿಲ್ಲ. ಮಾಂಸವೂ, ಮೀನೂ ತಿನ್ನುವುದಿಲ್ಲ! ಪದಕ್ಕೆ ಪದ ಇಟ್ಟರೆ ಕನ್ನಡವೇ. ಕ್ರಿಯಾಪದ ಕೊನೆಗೆ, ವಿಭಕ್ತಿಯಂಥ ಪ್ರತ್ಯಯ ನಾಮಪದದ ಬಾಲಕ್ಕೆ. ಇಂಗ್ಲಿಷಿನವರು ತಿಣುಕಾಡುವ ಈ ವಾಕ್ಯರಚನೆ ನಮ್ಮ ಮಕ್ಕಳಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಇನ್ನೊಂದು ಸೋಜಿಗ: ಅವರ ಅಕ್ಷರಮಾಲೆಯ ಕ್ರಮ ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ ಎಂದು ಸಾಗುತ್ತದೆ. ಸಂಸ್ಕೃತ ಓದಿದ ಬೌದ್ಧ ಭಿಕ್ಷುಗಳಿಂದ ಬಂದ ಜೋಡಣೆ ಅದು. ಚೀನೀ ಮೂಲದ ಸಾವಿರಾರು ಚಿತ್ರಾಕ್ಷರಗಳನ್ನು ಬಿಟ್ಟುಬಿಡಿ. ಪರದೇಶದ ಪದ ಬರೆಯಲು ಬಳಸುವ ಕಟಕಾನದ 46 ಅಕ್ಷರಗಳನ್ನು ವಿದ್ಯಾರ್ಥಿಗಳು ಒಂದು ವಾರದಲ್ಲಿ ಕಲಿಯಬಹುದು. ‘ಕೋಹೀ’ ಎಂದು ಓದಿ ಕಾಫಿ ಸಿಕ್ಕಾಗಿನ ಸಂತೋಷ ಅನುಭವಿಸಿದವರಿಗೇ ಗೊತ್ತು.

ಬೀದಿಗೆರಡರಂತೆ ಇರುವ, ಹಗಲೂ ರಾತ್ರಿ ತೆರೆದಿರುವ ಚಿಲ್ಲರೆ ಅಂಗಡಿಗಳಲ್ಲಿ ಉಪ್ಪು ಹಾಕಿದ ಪ್ಲಮ್ ಹಣ್ಣನ್ನು ನಡುವೆ ಇಟ್ಟು ಕಟ್ಟಿದ ಅನ್ನದ ಮುದ್ದೆ ಸಿಗುತ್ತದೆ. ನಮ್ಮ ನೆಲ್ಲಿಕಾಯಿ ಉಪ್ಪಿನಕಾಯಿಯ ದೂರದ ನಂಟ. ಬಾಳೆಹಣ್ಣು, ಮೊಸರು, ಹಾಲು ಎಲ್ಲೆಲ್ಲೂ ಉಂಟು. ದೊಡ್ಡ ಊರುಗಳಲ್ಲಿ ನೇಪಾಳದವರು ನಡೆಸುವ ಭಾರತೀಯ ಹೋಟೆಲುಗಳು ಬೇಕಷ್ಟಿವೆ. ಬೌದ್ಧ ಮಠಗಳ ‘ಶೋಜಿನ್’ ಊಟದಲ್ಲಿ ಮಾತ್ರ ಮೀನೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಕ್ಯೋಟೋದಲ್ಲಿ ಒಮ್ಮೆ ಉಂಡೆವು. ಬೆಲೆ ಕೇಳಿ ನಮ್ಮವರು ಚಟ್ನಿಪುಡಿಯ ಕಡೆ ನೋಡಿದರು.

ಪೂರ್ವದ ರಾಜಧಾನಿಗೆ

ಕ್ಯೋಟೋಗೆ ಹೋಗುವ ಮುನ್ನ ಲೆಕ್ಕದ ಒಂದು ಮಾತು. ಪರದೇಶದ ಪ್ರವಾಸಿಗರು ವಾರವಿಡೀ ರೈಲು ಹತ್ತಿ ಇಳಿಯುವ ಪಾಸೊಂದಿದೆ. ಅದನ್ನು ಕೊಳ್ಳಲೇಬೇಕೆಂದು ಹಳೆಯ ಪುಸ್ತಕಗಳೆಲ್ಲ ಹೇಳುತ್ತವೆ. 2023ರ ಅಕ್ಟೋಬರಿನಲ್ಲಿ ಏಳು ದಿನದ ಪಾಸಿನ ಬೆಲೆ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ನಾವು ಹೋದಾಗ ಟೋಕಿಯೋ–ಕ್ಯೋಟೋ ಬುಲೆಟ್ ರೈಲಿನ ಟಿಕೆಟ್ಟು ಒಂದು ಕಡೆಗೆ ಸುಮಾರು 14,000 ಯೆನ್. ಹೋಗಿಬರುವುದಷ್ಟೇ ಆದರೆ ಪಾಸು ನಷ್ಟ. ಆಗ ನೂರು ಯೆನ್ ಎಂದರೆ ನಮ್ಮ ಐವತ್ತೈದು ರೂಪಾಯಿ ಆಸುಪಾಸು. ಹೊರಡುವ ಮೊದಲು ನೀವೇ ಕಾಗದ, ಪೆನ್ಸಿಲು ಹಿಡಿದು ಕೂತರೆ ಒಳ್ಳೆಯದು. ಮಕ್ಕಳಿಗೆ ಈ ಲೆಕ್ಕ ಒಪ್ಪಿಸಿ. ನಮ್ಮ ಮನೆಯಲ್ಲಿ ಗಣಿತದ ಭಯ ಕಳೆದದ್ದು ಹೀಗೆ.

1964ರ ಅಕ್ಟೋಬರ್ 1ರಂದು ಶುರುವಾದ ಈ ರೈಲು ಎರಡೂಕಾಲು ಗಂಟೆಯಲ್ಲಿ ಕ್ಯೋಟೋ ಮುಟ್ಟಿಸುತ್ತದೆ. ಹೋಗುವಾಗ ಬಲಗಡೆಯ ಕಿಟಕಿ ಕೇಳಿ, ಮೋಡವಿಲ್ಲದಿದ್ದರೆ ಫ್ಯೂಜಿ ದರ್ಶನ. ಉದ್ದ, ಅಗಲ, ಎತ್ತರ ಕೂಡಿ 160 ಸೆಂಟಿಮೀಟರು ಮೀರಿದ ಪೆಟ್ಟಿಗೆಗೆ ಮೊದಲೇ ಜಾಗ ಕಾದಿರಿಸಬೇಕು. ನಾವು ಪೆಟ್ಟಿಗೆಗಳನ್ನು ಒಯ್ಯಲೇ ಇಲ್ಲ. ಟೋಕಿಯೋ ಹೋಟೆಲಿನ ಮುಂಗಟ್ಟೆಯಲ್ಲಿ ಕೊಟ್ಟು ಬಂದೆವು. ಮರುದಿನ ಕ್ಯೋಟೋ ಹೋಟೆಲಿನಲ್ಲಿ ಅವು ನಮಗಾಗಿ ಕಾದಿದ್ದವು. ಮನೆಯಿಂದ ಮನೆಗೆ ಸಾಮಾನು ಮುಟ್ಟಿಸುವ ಈ ಏರ್ಪಾಡು ಅಲ್ಲಿ 1976ರಿಂದಲೂ ಇದೆ. ಒಂದು ರಾತ್ರಿಯ ಬಟ್ಟೆ ಕೈಚೀಲದಲ್ಲಿರಲಿ.

ಕ್ಯೋಟೋದಲ್ಲಿ ನೋಡುವುದು ಬಹಳ. ಚಿನ್ನದ ತಗಡು ಹೊದ್ದ ಕಿನ್‌ಕಾಕುಜಿ ಚಿತ್ರಪಟದಲ್ಲಿ ಇರುವಂತೆಯೇ ಇದೆ. 1950ರಲ್ಲಿ ತರುಣ ಭಿಕ್ಷುವೊಬ್ಬ ಬೆಂಕಿಯಿಟ್ಟು ಸುಟ್ಟ ಮೇಲೆ 1955ರಲ್ಲಿ ಕಟ್ಟಿದ್ದು ಇದು. ಫುಷಿಮಿ ಇನಾರಿಯ ಕೆಂಪು ಕಮಾನುಗಳ ಸಾಲಿಗೆ ಶುಲ್ಕವೂ ಇಲ್ಲ, ಬಾಗಿಲೂ ಇಲ್ಲ. ಬೆಳಗಿನ ಆರೂವರೆಗೆ ಹೋದರೆ ಕಾಗೆಗಳೂ ನೀವೂ ಅಷ್ಟೇ. ಹತ್ತು ಗಂಟೆಗೆ ಹೋದವರ ಗತಿ ಧರ್ಮಸ್ಥಳದ ದೀಪೋತ್ಸವದ ಸಾಲಿನಂತೆ. ಗಿಯೋನ್ ಬೀದಿಯಲ್ಲಿ ಗೇಯ್ಶಾಗಳ ಹಿಂದೆ ಕ್ಯಾಮರಾ ಹಿಡಿದು ಓಡುವ ಪ್ರವಾಸಿಗರ ಕಾಟ ತಾಳದೆ, 2024ರಲ್ಲಿ ಅಲ್ಲಿಯ ಖಾಸಗಿ ಓಣಿಗಳಿಗೆ ಹೊರಗಿನವರ ಪ್ರವೇಶ ನಿಲ್ಲಿಸಿ, ಹೊಕ್ಕವರಿಗೆ ಹತ್ತು ಸಾವಿರ ಯೆನ್ ದಂಡವೆಂದು ಫಲಕ ಹಾಕಿದರು. ಸರಿಯಾಗಿಯೇ ಮಾಡಿದರು.

ನಾನು ಎರಡು ಗಂಟೆ ನಿಂತದ್ದು ಸಾಂಜೂಸಾನ್‌ಗೆನ್‌ದೋ ಎಂಬ ಉದ್ದನೆಯ ಮರದ ಮಂಟಪದಲ್ಲಿ. ಸುಮಾರು 120 ಮೀಟರು ಉದ್ದ. ಒಳಗೆ ಕನ್ನೋನ್‌ನ 1,001 ಮೂರ್ತಿಗಳು, ಸಾಲು ಸಾಲಾಗಿ. ಮುಂದೆ 28 ಪರಿವಾರ ದೇವತೆಗಳು. ಹೆಸರು ಓದುತ್ತ ಹೋದರೆ ಮೈ ಜುಮ್ಮೆನ್ನುತ್ತದೆ. ಬೊಂತೆನ್ ಎಂದರೆ ಬ್ರಹ್ಮ, ತೈಶಾಕುತೆನ್ ಎಂದರೆ ಇಂದ್ರ, ಕರೂರಾ ಎಂದರೆ ಗರುಡ. ಆ ಗರುಡ ಅಲ್ಲಿ ಕೊಳಲು ಊದುತ್ತಾನೆ! ನಮ್ಮಲ್ಲಿ ಕೃಷ್ಣನ ಕೈಯಲ್ಲಿದ್ದದ್ದು ಅಷ್ಟು ದೂರ ಹೋಗುವಷ್ಟರಲ್ಲಿ ವಾಹನದ ಕೈಗೆ ಹೇಗೆ ಬಂತೋ ಎಂದು ನಮ್ಮವರು ನಕ್ಕರು. ಒಳಗೆ ಚಿತ್ರ ತೆಗೆಯುವಂತಿಲ್ಲ. ಅದರಿಂದಲೇ ಇರಬೇಕು, ಅದೊಂದೇ ಜಾಗ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಅಲ್ಲಿಂದ ಮುಕ್ಕಾಲು ಗಂಟೆಯ ರೈಲು ದಾರಿ ನಾರಾ. ತೋದಾಯ್‌ಜಿಯ ಮಹಾಬುದ್ಧನಿಗೆ 752ರಲ್ಲಿ ಕಣ್ಣು ಬರೆದದ್ದು ಭಾರತದಿಂದ ಹೋಗಿದ್ದ ಬೋಧಿಸೇನ ಎಂಬ ಭಿಕ್ಷು. ಕುಂಚಕ್ಕೆ ಕಟ್ಟಿದ ದಾರಗಳನ್ನು ನೆರೆದ ಜನ ಹಿಡಿದುಕೊಂಡಿದ್ದರಂತೆ. ಹೊರಗೆ ಜಿಂಕೆಗಳು ತಲೆಬಾಗಿಸಿ ಬಿಸ್ಕತ್ತು ಕೇಳುತ್ತವೆ. ಕೊಡುವುದು ತಡವಾದರೆ ಅಂಗಿ ಜಗ್ಗುತ್ತವೆ. ಅಲ್ಲಿ ಶಾಲಾ ಪ್ರವಾಸಕ್ಕೆ ಬಂದ ಮಕ್ಕಳ ಹಿಂಡೇ ಹಿಂಡು. ನಾಲ್ಕೈದು ಜನರ ಗುಂಪು ಮಾಡಿ, ಕೈಗೊಂದು ನಕ್ಷೆ ಕೊಟ್ಟು, ಇಷ್ಟು ಗಂಟೆಗೆ ಇಂಥಲ್ಲಿಗೆ ಬನ್ನಿ ಎಂದು ಬಿಟ್ಟುಬಿಡುತ್ತಾರೆ. ಹನ್ನೆರಡು ವರ್ಷದ ನಾಲ್ವರು ನಮ್ಮ ಬಳಿ ಬಂದು, ಬಗ್ಗಿ ನಮಸ್ಕರಿಸಿ, ಪುಸ್ತಕ ನೋಡಿಕೊಂಡು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿ ಉತ್ತರ ಬರೆದುಕೊಂಡರು. "ಇವರ ಮಿಸ್ ಎಲ್ಲಮ್ಮಾ?" ಎಂದಳು ಮಗಳು. ಸುತ್ತ ನೋಡಿದೆ. ಎಲ್ಲೂ ಇರಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು.

ಮೈಸೂರಿನ ಆನೆ

ಕೊನೆಯ ಎರಡು ದಿನಕ್ಕೆ ಮತ್ತೆ ಟೋಕಿಯೋಗೆ ಬಂದು ಊಎನೋದಲ್ಲಿ ಇಳಿದೆವು. ಇಲ್ಲಿ ಒಂದೇ ಉದ್ಯಾನದೊಳಗೆ ವಸ್ತುಸಂಗ್ರಹಾಲಯಗಳು, ಮೃಗಾಲಯ, ತಾವರೆಕೊಳ ಎಲ್ಲ ಇವೆ. ಕೊಳದ ನಡುವಿನ ಗುಡಿಯಲ್ಲಿರುವ ಬೆನ್‌ಝೈತೆನ್ ನಮ್ಮ ಸರಸ್ವತಿ. ಫಲಿತಾಂಶದ ನೆನಪಾಗಿ ಮಗಳು ಇಲ್ಲೊಂದು ಕಾಣಿಕೆ ಹಾಕಿದಳು.

ಆದರೆ ನಮ್ಮವರು ಪಟ್ಟು ಹಿಡಿದು ಕರೆದೊಯ್ದದ್ದು ಮೃಗಾಲಯಕ್ಕೆ. ಯುದ್ಧಕಾಲದಲ್ಲಿ, 1943ರಲ್ಲಿ, ಬಾಂಬು ಬಿದ್ದು ಪಂಜರ ಒಡೆದರೆ ಪ್ರಾಣಿಗಳು ಊರಿಗೆ ನುಗ್ಗಬಹುದೆಂದು ಇಲ್ಲಿಯ ದೊಡ್ಡ ಪ್ರಾಣಿಗಳನ್ನು ಕೊಲ್ಲಲು ಅಪ್ಪಣೆಯಾಯಿತು. ಮೂರು ಆನೆಗಳನ್ನು ಉಪವಾಸ ಕೆಡವಿ ಕೊಂದರು. ಯುದ್ಧ ಮುಗಿದ ಮೇಲೆ ಆನೆಯನ್ನೇ ಕಾಣದ ಟೋಕಿಯೋದ ಮಕ್ಕಳು ನಮಗೊಂದು ಆನೆ ಕೊಡಿ ಎಂದು ಭಾರತದ ಪ್ರಧಾನಿ ನೆಹರೂ ಅವರಿಗೆ ಕಾಗದ ಬರೆದರು. ಒಂದೆರಡಲ್ಲ, ನೂರಾರು ಕಾಗದ. ನೆಹರೂ ಕಳಿಸಿದ ಹದಿನೈದು ವರ್ಷದ ಹೆಣ್ಣಾನೆ 1949ರ ಸೆಪ್ಟೆಂಬರಿನಲ್ಲಿ ಟೋಕಿಯೋ ತಲುಪಿತು. ಅದಕ್ಕೆ ಅವರು ಇಟ್ಟ ಹೆಸರು ತಮ್ಮ ಮಗಳದೇ, ಇಂದಿರಾ.

ಆ ಆನೆ ಹೋದದ್ದು ನಮ್ಮ ಮೈಸೂರು ಸೀಮೆಯಿಂದ. ಅದಕ್ಕೆ ತಿಳಿಯುತ್ತಿದ್ದದ್ದು ಕನ್ನಡದ ಅಪ್ಪಣೆಗಳು ಮಾತ್ರ. ಜತೆಗೆ ಹೋಗಿದ್ದ ಮಾವುತರಿಂದ ಊಎನೋದ ಪಾಲಕರು ಆ ಕನ್ನಡ ಪದಗಳನ್ನು ಕಲಿತುಕೊಳ್ಳಬೇಕಾಯಿತು. ಮರುವರ್ಷ ಇಂದಿರಾ ಜಪಾನಿನ ಬೇರೆ ಬೇರೆ ಊರುಗಳಿಗೆ ಮಕ್ಕಳನ್ನು ಕಾಣಲು ಪ್ರವಾಸ ಹೋಯಿತು. 1957ರಲ್ಲಿ ನೆಹರೂ ತಮ್ಮ ಮಗಳೊಂದಿಗೆ ಬಂದು ಅದನ್ನು ನೋಡಿದರು. 1983ರಲ್ಲಿ ಅದು ಸತ್ತಿತು. ಆನೆಗಳ ಆವರಣದ ಮುಂದೆ ಶಾಲೆಯ ಪುಟಾಣಿಗಳು ಕೈಕೈ ಹಿಡಿದು ನಿಂತಿದ್ದರು. ನಮ್ಮವರು ತಗ್ಗಿದ ದನಿಯಲ್ಲಿ ‘ಬಾ, ಬಾ’ ಎಂದರು. ಒಳಗಿದ್ದ ಆನೆ ತಿರುಗಿ ನೋಡಲಿಲ್ಲ ಅನ್ನಿ. ಮೃಗಾಲಯಕ್ಕೆ ಸೋಮವಾರ ರಜೆ, ಮರೆಯಬೇಡಿ.

ಅಲ್ಲಿಯೇ ಮಗಳು ಮಾತು ತೆಗೆದಳು. ನಮ್ಮ ಮುಂದಿನ ಕಾರ್ಯಕ್ರಮ ಅಕಿಹಾಬಾರಾ, ಅಪ್ಪನ ಎಲೆಕ್ಟ್ರಾನಿಕ್ ಅಂಗಡಿಗಳು. ಅವಳಿಗೆ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇನ್ನೂ ಒಂದೂವರೆ ಗಂಟೆ ಇರಬೇಕು, ಚಿತ್ರ ಬರೆದುಕೊಳ್ಳಬೇಕು. "ನೀವಿಬ್ರೂ ಹೋಗಿರಿ. ನಾನೊಬ್ಳೇ ಬರ್ತೀನಿ. ಎರಡೇ ಸ್ಟೇಷನ್ ಅಮ್ಮಾ, ನಾಲ್ಕು ನಿಮಿಷ."

ನನ್ನ ಬಾಯಿಂದ ಬೇಡ ಎಂದೇ ಬಂತು. ಅವಳ ಫೋನಿಗೆ ಅಲ್ಲಿಯ ಸಿಮ್ ಇರಲಿಲ್ಲ, ಭಾಷೆ ಬಾರದು, ಜನಸಾಗರ. ಜಪಾನೆಂದರೆ ಎಲ್ಲ ಚಿನ್ನವೇನೂ ಅಲ್ಲ. ಬೆಳಗಿನ ನೂಕುನುಗ್ಗಲಲ್ಲಿ ಹೆಣ್ಣುಮಕ್ಕಳ ಮೈಮುಟ್ಟುವವರ ಕಾಟ ಅಲ್ಲೂ ಇದೆ. ಕೆಲವು ಮಾರ್ಗಗಳಲ್ಲಿ ಹೆಂಗಸರಿಗೆಂದೇ ಪ್ರತ್ಯೇಕ ಬೋಗಿ ಬಿಟ್ಟಿರುವುದು ಆ ಕಾರಣಕ್ಕೇ. ಆ ಪುಟ್ಟ ಮಕ್ಕಳ ಚೀಲಕ್ಕೂ ಒಂದು ಕೂಗುವ ಗುಂಡಿ ತೂಗುಹಾಕಿರುತ್ತಾರೆ. ಇದನ್ನೆಲ್ಲ ಹೇಳಿದೆ. "ಅದಕ್ಕೇ ಅಂತ ಅವರು ಮಕ್ಕಳನ್ನ ಮನೇಲಿ ಕೂರಿಸಿಲ್ವಲ್ಲಾ," ಎಂದಳು. ಅವಳ ಅಪ್ಪ, "ಬರ್ಲಿ ಬಿಡೇ, ಹಗಲು ಮೂರು ಗಂಟೆ," ಎಂದುಬಿಟ್ಟರು. ನಾಲ್ಕೂವರೆಗೆ ಅಕಿಹಾಬಾರಾ ನಿಲ್ದಾಣದ ‘ಎಲೆಕ್ಟ್ರಿಕ್ ಟೌನ್’ ದ್ವಾರ ಎಂದು ಗೊತ್ತುಮಾಡಿ, ಹೋಟೆಲಿನ ಚೀಟಿ, ಐದು ಸಾವಿರ ಯೆನ್ ಅವಳ ಜೇಬಿಗೆ ತುರುಕಿ ಹೊರಟೆ.

ನಾವಿಬ್ಬರೂ ನಡೆದೇ ಹೋದೆವು. ಊಎನೋದಿಂದ ರೈಲುಕಂಬಿಯ ಮಗ್ಗುಲಲ್ಲೇ ಅಮೆಯೊಕೊ ಸಂತೆಬೀದಿ. ಯುದ್ಧದ ನಂತರದ ಕಾಳಸಂತೆ ಬೆಳೆದು ಮಾರುಕಟ್ಟೆಯಾದದ್ದು. ಜಪಾನಿನಲ್ಲಿ ಕೂಗಿ ಮಾರುವ, ಅಷ್ಟಿಷ್ಟು ಚೌಕಾಸಿಗೂ ಬಗ್ಗುವ ಜಾಗ ನನಗೆ ಕಂಡದ್ದು ಇದೊಂದೇ. ನೆಂಟರಿಷ್ಟರಿಗೆ ಕೊಡುವ ಚಿಕ್ಕಪುಟ್ಟ ಸಾಮಾನಿಗೆ ನೂರು ಯೆನ್ ಅಂಗಡಿಗಳೇ ಸಾಕು. ತೆರಿಗೆ ಸೇರಿ 110. ಅಸಾಕುಸಾ ಬಳಿಯ ಕಪ್ಪಾಬಾಶಿ ಬೀದಿಯಲ್ಲಿ ಪಾತ್ರೆ, ಚಾಕು, ಮತ್ತೆ ಹೋಟೆಲಿನ ಗಾಜಿನ ಕಪಾಟಿನಲ್ಲಿಡುವ ಪ್ಲಾಸ್ಟಿಕ್ ತಿಂಡಿಗಳ ಮಾದರಿ ಮಾರುತ್ತಾರೆ. ಗಿಂಜಾದಲ್ಲಿ 1904ರಲ್ಲಿ ಶುರುವಾದ ಇತೋಯಾ ಎಂಬ ಮಹಡಿ ಮಹಡಿಯ ಲೇಖನಸಾಮಗ್ರಿ ಅಂಗಡಿಗೆ ಮಕ್ಕಳನ್ನು ಕರೆದೊಯ್ಯುವವರು ಜೇಬು ಗಟ್ಟಿಯಾಗಿ ಹಿಡಿದುಕೊಳ್ಳಿ. ಪ್ರವಾಸಿಗರಿಗೆ ಶೇಕಡಾ 10ರ ಮಾರಾಟ ತೆರಿಗೆ ಮಾಫಿಯಿದೆ, ಒಂದು ಅಂಗಡಿಯಲ್ಲಿ ಐದು ಸಾವಿರ ಯೆನ್ ಮೇಲ್ಪಟ್ಟು ಕೊಂಡರೆ. ಮೂಲ ಪಾಸ್‌ಪೋರ್ಟು ಕೈಯಲ್ಲಿರಬೇಕು, ನಕಲು ನಡೆಯದು. ನಮಗೆ ಅಂಗಡಿಯಲ್ಲೇ ಕಳೆದುಕೊಟ್ಟರು. 2026ರ ನವೆಂಬರ್ 1ರಿಂದ ಜಾರಿಯ ಕ್ರಮದಲ್ಲಿ ಪೂರ್ತಿ ಬೆಲೆ ಕೊಟ್ಟು, ದೇಶ ಬಿಡುವಾಗ ಸಾಮಾನು ತೋರಿಸಿ ತೆರಿಗೆ ಹಿಂದೆ ಪಡೆಯಬೇಕು.

ಅಕಿಹಾಬಾರಾದಲ್ಲಿ ಅನ್ನ ಮಾಡುವ ಕುಕ್ಕರು ಕಂಡು ನಮ್ಮವರು ಮರುಳಾದರು. ಅವರದು 100 ವೋಲ್ಟಿನ ವಿದ್ಯುತ್ತು, ನಮ್ಮದು 230. ಊರಿಗೆ ತಂದು ಚುಚ್ಚಿದರೆ ಅನ್ನದ ಬದಲು ಹೊಗೆ. ಪ್ರವಾಸಿಗರಿಗೆಂದೇ ಮಾಡಿದ 220 ವೋಲ್ಟಿನದು ಕೇಳಿ ಪಡೆಯಬೇಕು, ಬೆಲೆ ಹೆಚ್ಚು. ಅವರು ಅದನ್ನು ವಿಚಾರಿಸುತ್ತಿದ್ದರು. ನಾನು ಗಡಿಯಾರ ನೋಡುತ್ತಿದ್ದೆ.

ನಾಲ್ಕೂವರೆಯಾಯಿತು. ನಾಲ್ಕು ಮುಕ್ಕಾಲಾಯಿತು. ದ್ವಾರದಿಂದ ಜನ ಹೊಳೆಯಂತೆ ಬರುತ್ತಿದ್ದರು, ನನ್ನ ಮಗಳಿಲ್ಲ. ಐದಾಯಿತು. ಕೈಕಾಲು ತಣ್ಣಗಾದವು. ನಮ್ಮವರು ಊಎನೋಗೆ ಓಡಲೇ ಎಂದರು; ಅಷ್ಟರಲ್ಲಿ ಅವಳು ಬಂದುಬಿಟ್ಟರೆ ಎಂದು ನಾನು ತಡೆದೆ. ಕೊನೆಗೆ ದ್ವಾರದ ಪಕ್ಕದ ಕಿಟಕಿಯಲ್ಲಿ ಕೂತಿದ್ದ ರೈಲ್ವೆ ನೌಕರನಿಗೆ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಅನುವಾದದ ಯಂತ್ರ ಮುಂದಿಟ್ಟ. ಮಗುವಿನ ವಯಸ್ಸೆಷ್ಟು? ಹದಿನಾರು ಎಂದೆ. ಅವನು ಮತ್ತೊಮ್ಮೆ ಕೇಳಿದ. ಆರು ಇರಬೇಕೆಂದುಕೊಂಡನೋ ಏನೋ. ಊಎನೋದಿಂದ ಯಾವ ರೈಲು? ಹಸಿರು ಪಟ್ಟೆಯ ಯಮನೊತೆ. ಅವನು ಗೋಡೆಯ ನಕ್ಷೆಯಲ್ಲಿ ಬೆರಳಿಟ್ಟು ನಿಧಾನವಾಗಿ ಒಂದು ಸುತ್ತು ಹಾಕಿ, ಯಂತ್ರದಲ್ಲಿ ಒಂದು ವಾಕ್ಯ ಬರೆದು ತೋರಿಸಿದ: ‘ಇದು ವೃತ್ತ. ಬರುತ್ತಾರೆ.’

ಯಮನೊತೆ ಮಾರ್ಗ ಟೋಕಿಯೋದ ಸುತ್ತ ಬಳೆಯ ಹಾಗಿದೆ: 30 ನಿಲ್ದಾಣ, ಸುಮಾರು 34.5 ಕಿಲೋಮೀಟರು, ಒಂದು ಸುತ್ತಿಗೆ ಒಂದು ಗಂಟೆ. ಎರಡೂ ದಿಕ್ಕಿಗೆ ಅದೇ ಬಣ್ಣದ ರೈಲು ಓಡುತ್ತದೆ. ಊಎನೋದ ಸಂಖ್ಯೆ ಜೆವೈ 05, ಅಕಿಹಾಬಾರಾ 03. ಸಂಖ್ಯೆ ಇಳಿಯುವ ಕಡೆಗೆ ಹತ್ತಬೇಕಾದವಳು ಏರುವ ಕಡೆಗೆ ಹತ್ತಿದ್ದಳು.

ಐದೂಕಾಲು ದಾಟಿದಾಗ ಬಂದಳು. ನಾನು ಬೈಯುವುದೋ ಅಪ್ಪಿಕೊಳ್ಳುವುದೋ ತಿಳಿಯದೆ ಎರಡನ್ನೂ ಮಾಡಿದೆ. ಇಕೆಬುಕುರೋ ಬಂದಾಗಲೇ ತಪ್ಪು ತಿಳಿಯಿತಂತೆ. ಎದೆ ಹೊಡೆದುಕೊಂಡಿತು, ಇಳಿದುಬಿಡೋಣವೆನ್ನಿಸಿತು. ಎದುರಿಗೆ ಸಮವಸ್ತ್ರದ ಒಬ್ಬ ಪುಟ್ಟ ಹುಡುಗ, ಏಳೆಂಟು ವರ್ಷದವನು, ಒಬ್ಬನೇ ಕೂತು ಪುಸ್ತಕ ಓದುತ್ತಿದ್ದ. ಅವನಿಗೆ "ಅಕಿಹಾಬಾರಾ?" ಎಂದು ಕೇಳಿದಳಂತೆ. ಅವನು ಬಂದ ದಾರಿಯತ್ತ ಒಮ್ಮೆ ಬೆರಳು ತೋರಿಸಿ, ಸ್ವಲ್ಪ ಯೋಚಿಸಿ, ಗಾಳಿಯಲ್ಲಿ ಒಂದು ದೊಡ್ಡ ಸೊನ್ನೆ ಬರೆದು, ಹಾಗೂ ಆಗುತ್ತದೆ ಎಂಬಂತೆ ತಲೆಯಾಡಿಸಿ ಮತ್ತೆ ಪುಸ್ತಕಕ್ಕೆ ಮರಳಿದ. ಇಳಿದು ಎದುರು ರೈಲು ಹಿಡಿದಿದ್ದರೆ ಬೇಗ ಬರುತ್ತಿದ್ದಳು. "ಹಾಗೇ ಕೂತರೆ ಇಡೀ ಟೋಕಿಯೋ ಸಿಗುತ್ತಲ್ಲಮ್ಮಾ! ಶಿಂಜುಕು, ಶಿಬುಯಾ, ಶಿನಾಗಾವಾ ಎಲ್ಲಾ ನೋಡ್ದೆ." ಕಾರ್ಡಿನಿಂದ ಎಷ್ಟು ಹೋಯಿತು ನೋಡು ಎಂದರು ಅಪ್ಪ. ಹತ್ತಿದ್ದು, ಇಳಿದದ್ದು ಎರಡನ್ನೇ ಲೆಕ್ಕ ಹಿಡಿಯುವ ಯಂತ್ರ ಎರಡು ನಿಲ್ದಾಣದ ದರವನ್ನಷ್ಟೇ ಕಳೆದಿತ್ತು.

ಈ ಕಾರ್ಡು ಜಪಾನಿನಲ್ಲಿ ಇಳಿದೊಡನೆ ಮಾಡಿಸಿಕೊಳ್ಳಬೇಕಾದದ್ದು. ಟೋಕಿಯೋದಲ್ಲಿ ಸುಯಿಕಾ, ಪಾಸ್ಮೊ, ಕ್ಯೋಟೋ ಕಡೆ ಇಕೋಕಾ. ಯಾವುದಿದ್ದರೂ ದೊಡ್ಡ ಊರುಗಳ ರೈಲು, ಬಸ್ಸು, ಚಿಲ್ಲರೆ ಅಂಗಡಿಗಳಲ್ಲಿ ನಡೆಯುತ್ತದೆ. ಮಕ್ಕಳಿಗೆ ಅವರವರ ಕಾರ್ಡು ಬೇರೆಯೇ ಇರಲಿ. ರೈಲಿನೊಳಗೆ ಫೋನಿನಲ್ಲಿ ಮಾತಾಡಬೇಡಿ, ಯಾರೂ ಆಡುವುದಿಲ್ಲ. ಕಸ ಹಾಕಲು ಬೀದಿಯಲ್ಲಿ ತೊಟ್ಟಿ ಹುಡುಕಬೇಡಿ. 1995ರಲ್ಲಿ ಟೋಕಿಯೋ ಸುರಂಗ ರೈಲಿನಲ್ಲಿ ವಿಷಾನಿಲ ಬಿಟ್ಟ ಘಟನೆಯ ಮೇಲೆ ಬಹಳಷ್ಟು ತೊಟ್ಟಿ ತೆಗೆದರು. ಒಂದು ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು ಹೋಟೆಲಿಗೇ ತನ್ನಿ. ದಾರಿ ತಪ್ಪಿದರೆ, ವಸ್ತು ಕಳೆದರೆ ಮೂಲೆಮೂಲೆಯಲ್ಲಿರುವ ‘ಕೋಬಾನ್’ ಎಂಬ ಪುಟ್ಟ ಪೊಲೀಸ್ ಚೌಕಿಗೆ ಹೋಗಿ. ಪೊಲೀಸರಿಗೆ 110, ಆಂಬುಲೆನ್ಸಿಗೆ 119.

ಆ ಸಂಜೆ ಅಸಾಕುಸಾದ ಕಡೆಗೆ ಇನ್ನೊಮ್ಮೆ ನಡೆದು ಹೋದೆವು. ಓಣಿಯ ಕೆಲವು ಅಂಗಡಿಗಳ ಬಾಗಿಲಲ್ಲಿ ಒಂದು ಚೀಟಿ ಅಂಟಿಸಿತ್ತು. ಹೋದ ವಾರವೂ ಅದನ್ನು ಕಂಡಿದ್ದೆ, ಏನೆಂದು ಕೇಳಿರಲಿಲ್ಲ. ಮಗಳು ಕಡ ತಂದ ಫೋನಿನಲ್ಲಿ ಅನುವಾದಿಸಿ ಓದಿದಳು: ಹೆದರಿದ ಮಕ್ಕಳು ಯಾವಾಗ ಬೇಕಾದರೂ ಒಳಗೆ ಬರಬಹುದು ಎಂಬ ಅರ್ಥದ ಫಲಕ. ಒಂದು ಸೋಯಾ ಅಂಗಡಿ, ಒಂದು ಕ್ಷೌರದ ಅಂಗಡಿ, ಒಂದು ಬರೀ ಮನೆ. ನನ್ನ ಗಮನಕ್ಕೆ ಆಗ ಬಂತು, ಆ ಮೊದಲ ದಿನದ ಹಳದಿ ಟೋಪಿ ಒಬ್ಬೊಂಟಿಯಾಗಿ ಹೋಗಿರಲಿಲ್ಲ. ದಾರಿಯುದ್ದಕ್ಕೂ ಯಾರೋ ಬಾಗಿಲು ತೆರೆದಿಟ್ಟಿದ್ದರು. ನಮ್ಮ ಬೀದಿಯಲ್ಲಿ ಅಂಥ ಫಲಕ ಹಾಕಲು ನಾನು ತಯಾರೇ ಎಂದು ಯೋಚಿಸುತ್ತ ನಡೆದೆ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಸೆನ್‌ಸೋಜಿಯ ಚೀಟಿ ಸುಳ್ಳಾಯಿತು. ಕಾಲೇಜು ಶುರುವಾದ ದಿನ ಮಗಳು ಬೆಳಿಗ್ಗೆ ಎಂಟಕ್ಕೆ ಒಬ್ಬಳೇ ಹೊರಟಳು, ಕೈಯಲ್ಲಿ ಬಸ್ ಪಾಸು. ಅವಳ ಅಪ್ಪ ಸ್ಕೂಟರಿನ ಕೀಲಿ ಹಿಡಿದು ಸುಮ್ಮನೆ ನಿಂತಿದ್ದರು. ನಾನು ಗೇಟಿನವರೆಗೆ ಹೋದೆ, ಮುಂದೆ ಹೋಗಲಿಲ್ಲ. ಸಂಜೆ ಹೇಳಿದ್ದಕ್ಕಿಂತ ಒಂದು ಗಂಟೆ ತಡವಾಗಿ ಬಂದಳು. ದಿಕ್ಕು ತಪ್ಪಿತಾ ಎಂದು ಕೇಳಿದೆ. "ಇಲ್ಲಮ್ಮಾ, ಬಸ್ಸು ಸರಿಯಾದದ್ದೇ. ಹೆಬ್ಬಾಳದಲ್ಲಿ ನಿಂತಿತ್ತು."